ದೀಪಾವಳಿ ಆದ ಮೇಲೆ ಕೆರೆಯಲ್ಲಿ ವಲಸೆ ಹಕ್ಕಿ ನೋಡುವುದು ಹೇಗೆ: ಹಂತ ಹಂತವಾಗಿ

ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾದರೆ ಸಾಕು, ಎರಡು ದೂರು ಕೇಳಿಬರುತ್ತವೆ. ಒಂದು, "ಕೆರೆಗೆ ಹೋಗಿದ್ವಿ, ದೂರದಲ್ಲಿ ಕಪ್ಪು ಚುಕ್ಕೆ ಬಿಟ್ಟರೆ ಏನೂ ಕಾಣಲಿಲ್ಲ." ಇನ್ನೊಂದು, "ಬಾತು ಬೇಕಾದಷ್ಟಿದ್ದವು, ಆದರೆ ಎಲ್ಲವೂ ಒಂದೇ ಥರ ಕಂದು, ಪುಸ್ತಕದ ಚಿತ್ರಕ್ಕೆ ಒಂದೂ ಹೊಂದಲಿಲ್ಲ."

ಎರಡಕ್ಕೂ ಕಾರಣ ಹಕ್ಕಿ ಇಲ್ಲದಿರುವುದಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಬಹಳ ಜನ ಮೊದಲು ಹೆಸರು ಹುಡುಕುತ್ತಾರೆ, ಆಮೇಲೆ ಹಕ್ಕಿ ನೋಡುತ್ತಾರೆ. ಬಿಸಿಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಒಂದು ಕಡೆ ಕೂರದೆ ಏರಿ ಮೇಲೆ ನಡೆಯುತ್ತಲೇ ಇರುತ್ತಾರೆ. ಹೀಗೆ ಮಾಡಿದರೆ ಎಷ್ಟೇ ದುಬಾರಿ ಬೈನಾಕ್ಯುಲರ್ ಇದ್ದರೂ ಕೈಗೆ ಸಿಗುವುದು ಕಪ್ಪು ಚುಕ್ಕೆಗಳೇ.

ಇಲ್ಲಿ ಬರೆದಿರುವುದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗಿನ ಕಾಲಕ್ಕೆ, ಮುಖ್ಯವಾಗಿ ಬಯಲುಸೀಮೆಯ ಕೆರೆಗಳಿಗೆ. ಕಾಡಿನ ಹಕ್ಕಿ ನೋಡುವ ರೀತಿ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ದಯವಿಟ್ಟು ಮೊದಲನೆಯದನ್ನು ಹಾರಿಸಬೇಡಿ.

## ಏನೇನು ಬೇಕು

ಒಂದು ಬೈನಾಕ್ಯುಲರ್. ಚಿಕ್ಕ ನೋಟ್‌ಬುಕ್, ಪೆನ್ಸಿಲ್ (ಇಬ್ಬನಿಗೆ ಒದ್ದೆಯಾದ ಹಾಳೆಯಲ್ಲಿ ಪೆನ್ ಓಡುವುದಿಲ್ಲ). ತಲೆಗೆ ಟೋಪಿ, ಮೈಗೆ ಮಣ್ಣಿನ ಬಣ್ಣದ ಅಥವಾ ಮಾಸಲು ಹಸಿರು ಬಟ್ಟೆ. ಬಿಳಿ ಅಂಗಿ ಖಂಡಿತ ಬೇಡ, ಬಾತುಗಳಿಗೆ ಅದು ಬಹಳ ದೂರದಿಂದ ಕಾಣುತ್ತದೆ. ಕೂರಲು ಒಂದು ಗೋಣಿಚೀಲ ಅಥವಾ ಮಡಿಸುವ ಸ್ಟೂಲ್. ಹಕ್ಕಿಗಳ ಚಿತ್ರ ಇರುವ ಒಂದು ಪುಸ್ತಕ, ಅದು ಚೀಲದ ಒಳಗೇ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕ್ಯಾಮೆರಾ ಬಗ್ಗೆ ಒಂದು ಮಾತು. ಮೊದಲ ಕೆಲವು ವಾರ ಅದನ್ನು ಮನೆಯಲ್ಲೇ ಬಿಡಿ. ಕ್ಯಾಮೆರಾ ಹಿಡಿದವರು ಹತ್ತಿರ ಹೋಗಲು ನೋಡುತ್ತಾರೆ, ಹಕ್ಕಿ ಹಾರುತ್ತದೆ, ಕೊನೆಗೆ ಫೋಟೋನೂ ಇಲ್ಲ, ನೋಡಿದ್ದೂ ಇಲ್ಲ.

## ಹಂತ 1: ಊರಿನ ಹಕ್ಕಿಗಳನ್ನು ಮೊದಲು ಕಲಿಯಿರಿ

ವಲಸೆ ಹಕ್ಕಿ ಗುರುತಿಸಬೇಕಾದರೆ ವರ್ಷವಿಡೀ ಇಲ್ಲೇ ಇರುವವು ಕಣ್ಣಿಗೆ ಚೆನ್ನಾಗಿ ಪಳಗಿರಬೇಕು. ಇದನ್ನು ಬಿಟ್ಟವರು ಮಾಡುವ ತಪ್ಪುಗಳು ಯಾವಾಗಲೂ ಒಂದೇ. ನಾಮದ ಕೋಳಿಯನ್ನು ಬಾತು ಅನ್ನುತ್ತಾರೆ. ಗುಳುಮುಳುಕವನ್ನು ಬಾತಿನ ಮರಿ ಅನ್ನುತ್ತಾರೆ. ನೀರಿನಲ್ಲಿ ಅರ್ಧ ಮುಳುಗಿ ಈಜುವ ನೀರುಕಾಗೆಯನ್ನೂ ಬಾತಿನ ಲೆಕ್ಕಕ್ಕೆ ಸೇರಿಸುತ್ತಾರೆ.

ಹಾಗಾಗಿ ಸೀಸನ್ ಶುರುವಾಗುವ ಮುಂಚೆ, ಸೆಪ್ಟೆಂಬರ್‌ನಲ್ಲೇ, ಮನೆಗೆ ಹತ್ತಿರದ ಯಾವುದಾದರೂ ಕೆರೆಗೆ ಹೋಗಿ ಇಷ್ಟನ್ನು ಗಟ್ಟಿ ಮಾಡಿಕೊಳ್ಳಿ:

ನಾಮದ ಕೋಳಿ: ಮೈಯೆಲ್ಲ ಕಪ್ಪು, ಕೊಕ್ಕು ಮತ್ತು ಹಣೆ ಬಿಳಿ. ಈಜುವಾಗ ತಲೆ ಹಿಂದೆ ಮುಂದೆ ಆಡಿಸುತ್ತದೆ. ಹಾರಬೇಕಾದರೆ ನೀರಿನ ಮೇಲೆ ಪಟಪಟ ಓಡಿ ಆಮೇಲೆ ಏಳುತ್ತದೆ.

ಗುಳುಮುಳುಕ: ಮುಷ್ಟಿಯಷ್ಟು ಗಾತ್ರ, ಬಾಲವೇ ಇಲ್ಲ ಅನ್ನುವ ಹಾಗೆ ಹಿಂಭಾಗ ಮೊಂಡು. ನೋಡುತ್ತಿದ್ದಂತೆ ಮುಳುಗಿ ಬೇರೆ ಕಡೆ ಏಳುತ್ತದೆ.

ಚುಕ್ಕೆ ಕೊಕ್ಕಿನ ಬಾತು: ದೊಡ್ಡ ಬಾತು. ಕಪ್ಪು ಕೊಕ್ಕು, ತುದಿಯಲ್ಲಿ ಹಳದಿ. ಕೂತಾಗ ಬೆನ್ನಿನ ಹಿಂಬದಿಯಲ್ಲಿ ಬಿಳಿ ಗೀರು ದೂರಕ್ಕೂ ಕಾಣುತ್ತದೆ. ಇದು ವಲಸೆ ಬಂದದ್ದಲ್ಲ, ಇಲ್ಲೇ ಮರಿ ಮಾಡುವ ಬಾತು.

ಶಿಳ್ಳೆ ಬಾತು: ಕೆಂಗಂದು ಮೈ, ಉದ್ದ ಕತ್ತು, ಹಾರುವಾಗ ಶಿಳ್ಳೆ. ಇದೂ ಇಲ್ಲಿನದೇ.

ಇದರ ಜೊತೆಗೆ ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ದೇವನಕ್ಕಿ, ಜಂಬುಕೋಳಿ, ಬೆಳ್ಳಕ್ಕಿ, ಕೊಳದ ಬಕ. ಇಷ್ಟು ಬಂದರೆ, ನವೆಂಬರ್‌ನಲ್ಲಿ ಹೊಸದಾಗಿ ಬಂದ ಹಕ್ಕಿ ತಾನಾಗಿಯೇ ಎದ್ದು ಕಾಣುತ್ತದೆ. ಇವನ್ನು ಕಲಿಯದೆ ನೇರವಾಗಿ ಬಾತುಗಳಿಗೆ ಕೈ ಹಾಕಿದರೆ ಒಂದು ಸೀಸನ್ ಹಾಗೇ ಹೋಗುತ್ತದೆ.

## ಹಂತ 2: ಬೈನಾಕ್ಯುಲರ್ ಆರಿಸಿ, ಸರಿಹೊಂದಿಸಿಕೊಳ್ಳಿ

ಅಂಗಡಿಯಲ್ಲಿ 8x42 ಅಂತ ಬರೆದಿರುವುದನ್ನು ಕೇಳಿ. 8 ಅಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 42ನ್ನು 8ರಿಂದ ಭಾಗಿಸಿದರೆ 5ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಈ ಸಂಖ್ಯೆ ದೊಡ್ಡದಿದ್ದಷ್ಟೂ ಮಬ್ಬು ಬೆಳಕಿನಲ್ಲಿ ಚಿತ್ರ ಬೆಳಗಾಗಿ ಕಾಣುತ್ತದೆ. ಜೇಬಿಗೆ ಹಿಡಿಸುವ 10x25ರಲ್ಲಿ ಇದು ಎರಡೂವರೆ ಮಾತ್ರ. ಬೆಳಿಗ್ಗೆ ಆರೂವರೆಗೆ ಅದರಲ್ಲಿ ಎಲ್ಲವೂ ಕತ್ತಲೆ. 20 ಪಟ್ಟು, 30 ಪಟ್ಟು ಝೂಮ್ ಅಂತ ಮಾರುವುದನ್ನು ಕೊಳ್ಳಲೇಬೇಡಿ. ಕೈ ನಡುಗಿದಷ್ಟೂ ಚಿತ್ರ ನಡುಗುತ್ತದೆ, ಕಾಣುವ ಜಾಗವೂ ಚಿಕ್ಕದು.

ಹೊಸ ಬೈನಾಕ್ಯುಲರ್ ತಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುವುದೇ ಇಲ್ಲ. ಹೀಗೆ ಮಾಡಿ:

1. ಎರಡು ಕೊಳವೆಗಳನ್ನು ಹತ್ತಿರ ದೂರ ಮಾಡುತ್ತಾ ಬನ್ನಿ, ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣಬೇಕು.
2. ಕನ್ನಡಕ ಇದ್ದರೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ತಿರುಗಿಸಿ ಅಥವಾ ಮಡಚಿ ಒಳಗೆ ತಳ್ಳಿ. ಕನ್ನಡಕ ಇಲ್ಲದಿದ್ದರೆ ಹೊರಗೆ ಎಳೆದಿಡಿ.
3. ದೂರದ ಒಂದು ಬೋರ್ಡ್ ಅಥವಾ ಕರೆಂಟ್ ಕಂಬ ಆರಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಸ್ಪಷ್ಟವಾಗುವ ತನಕ ನಡುವಿನ ಚಕ್ರ ತಿರುಗಿಸಿ.
4. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟಬೇಡಿ. ಬಲಗಡೆಯ ಐಪೀಸ್ ಹತ್ತಿರ ಇರುವ ಉಂಗುರವನ್ನು ಮಾತ್ರ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ.
5. ಆ ಉಂಗುರ ನಿಂತ ಜಾಗವನ್ನು ನೆನಪಿಡಿ. ಇನ್ನು ಮುಂದೆ ನಡುವಿನ ಚಕ್ರ ಒಂದೇ ಸಾಕು.

ಸ್ವಲ್ಪ ಹೊತ್ತು ನೋಡಿದ ಮೇಲೆ ತಲೆನೋವು ಬಂದರೆ, ಕಣ್ಣು ಎಳೆದ ಹಾಗಾದರೆ, ನಾಲ್ಕನೇ ಹೆಜ್ಜೆ ಸರಿಯಾಗಿಲ್ಲ ಅಂತ ತಿಳಿಯಿರಿ. ಹೊಂದಿಸಿದ ಮೇಲೂ ಎರಡೆರಡು ಚಿತ್ರ ಕಂಡರೆ ಬೈನಾಕ್ಯುಲರ್ ಒಳಗಿನ ಗಾಜು ಜರುಗಿದೆ, ಅಂಗಡಿಗೆ ವಾಪಸ್ ಕೊಡಿ.

ಇನ್ನು ಹಕ್ಕಿಯನ್ನು ಬೈನಾಕ್ಯುಲರ್ ಒಳಗೆ ಹಿಡಿಯುವುದು. ಹಕ್ಕಿ ಮೇಲಿಟ್ಟ ಕಣ್ಣನ್ನು ಕದಲಿಸದೆ ಬೈನಾಕ್ಯುಲರನ್ನು ಕಣ್ಣಿನ ಮುಂದಕ್ಕೆ ತನ್ನಿ. ಕೆಳಗೆ ನೋಡಿ, ಎತ್ತಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮನೆ ತಾರಸಿಯಲ್ಲಿ ತಂತಿ ಮೇಲೆ ಕೂತ ಕಾಜಾಣದ ಮೇಲೆ ಅಭ್ಯಾಸ ಮಾಡಿ. ಎರಡು ಮೂರು ದಿನದಲ್ಲಿ ಕೈ ಕೂರುತ್ತದೆ.

## ಹಂತ 3: ಯಾವ ಕೆರೆ, ಯಾವ ವಾರ

ಎಲ್ಲ ವಲಸೆ ಹಕ್ಕಿಗಳೂ ಒಂದೇ ದಿನ ಬರುವುದಿಲ್ಲ. ಕೆರೆ ದಡದಲ್ಲಿ ಬಾಲ ಕುಣಿಸುವ ಬೂದು ಸಿಪಿಲೆ, ಕೆಸರು ದಡದಲ್ಲಿ ನಡೆದು ಮೇಯುವ ಚಿಕ್ಕ ಗೊರವಗಳು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲೇ ಕಾಣಲು ಶುರುವಾಗುತ್ತವೆ. ಬಾತುಗಳ ಪೈಕಿ ಗಾರ್ಗನಿ ಮುಂಚೆ ಬರುವ ಗುಂಪು. ಸೂಜಿಬಾಲದ ಬಾತು, ಶೊವೆಲರ್ ಇವೆಲ್ಲ ಲೆಕ್ಕಕ್ಕೆ ಸಿಗುವಷ್ಟು ಆಗುವುದು ನವೆಂಬರ್‌ನಲ್ಲಿ. ಪಟ್ಟೆತಲೆ ಹೆಬ್ಬಾತು ನವೆಂಬರ್ ಕೊನೆ, ಡಿಸೆಂಬರ್. ಅಕ್ಟೋಬರ್ ಮೊದಲ ವಾರ ಹೋಗಿ "ಹೆಬ್ಬಾತು ಬಂದಿಲ್ಲ, ಈ ವರ್ಷ ಬರುವುದೇ ಇಲ್ಲ" ಅನ್ನಬೇಡಿ.

ಕೆರೆ ಆರಿಸುವಾಗ ನೀರಿನ ಆಳ ನೋಡಿ. ಇದೇ ಮುಖ್ಯ, ಮಿಕ್ಕಿದ್ದೆಲ್ಲ ಆಮೇಲೆ. ಹಿಂಗಾರು ಮಳೆ ಜೋರಾಗಿ ಬಿದ್ದು ಕೆರೆ ಕೋಡಿ ಹರಿದ ವಾರ ಹೋದರೆ ನಿರಾಶೆ ಖಚಿತ. ಗೊರವಗಳಿಗೆ ಕೆಸರು ದಡ ಬೇಕು, ಅದು ನೀರಿನಡಿ ಮುಚ್ಚಿಹೋಗಿರುತ್ತದೆ. ತಲೆ ಮುಳುಗಿಸಿ ಮೇಯುವ ಬಾತುಗಳಿಗೂ ಮೊಣಕಾಲುದ್ದದ ನೀರು ಬೇಕು, ಎಲ್ಲಾ ಕಡೆ ಆಳವಾದರೆ ಅವು ಬೇರೆ ಕೆರೆಗೆ ಹೋಗುತ್ತವೆ. ಅಂಥ ವರ್ಷ ದೊಡ್ಡ ಕೆರೆ ಬಿಟ್ಟು ಪಕ್ಕದ ಸಣ್ಣ ಕಟ್ಟೆ, ಭತ್ತ ಕೊಯ್ದು ನೀರು ನಿಂತ ಗದ್ದೆ ನೋಡಿ. ದೊಡ್ಡ ಕೆರೆಗೆ ಡಿಸೆಂಬರ್‌ನಲ್ಲಿ ನೀರು ಇಳಿದ ಮೇಲೆ ಹೋಗಿ.

ಬಿಡಬೇಕಾದ ಕೆರೆಯ ಲಕ್ಷಣಗಳು: ನೀರೆಲ್ಲ ಅಂತರಗಂಗೆ ಕಳೆಯಿಂದ ಮುಚ್ಚಿದೆ. ಸುತ್ತ ಕಡಿದಾದ ಕಲ್ಲಿನ ದಡ, ಕೆಸರಿನ ಅಂಚೇ ಇಲ್ಲ. ಬೆಳಗಿನಿಂದ ಮೀನಿನ ತೆಪ್ಪ ಓಡಾಡುತ್ತಿದೆ. ಕೊನೆಯದಿದ್ದರೆ ಕೆರೆ ಬಿಡಬೇಕಿಲ್ಲ, ಮೀನು ಹಿಡಿಯುವವರನ್ನೇ ಕೇಳಿ. ಯಾವ ದಿನ ಬಲೆ ಹಾಕುವುದಿಲ್ಲ, ಬಾತು ಯಾವ ಮೂಲೆ ಸೇರುತ್ತವೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

## ಹಂತ 4: ಬಿಸಿಲು ಬೆನ್ನಿಗಿರಲಿ

ಕಪ್ಪು ಚುಕ್ಕೆಯ ದೂರಿಗೆ ಉತ್ತರ ಇಲ್ಲಿದೆ. ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಲ್ಲಬೇಕು, ಸಂಜೆ ಪಶ್ಚಿಮ ದಡದಲ್ಲಿ. ಆಗ ಸೂರ್ಯ ನಿಮ್ಮ ಬೆನ್ನಿಗೆ, ಬೆಳಕು ಹಕ್ಕಿಯ ಮೈಮೇಲೆ. ಬಸ್ ಇಳಿದ ಕಡೆಯೇ, ಬೈಕ್ ನಿಲ್ಲಿಸಿದ ಕಡೆಯೇ ನಿಂತು ನೋಡಿದರೆ ಅರ್ಧ ಸಲ ಬಿಸಿಲಿಗೆ ಎದುರಾಗುತ್ತೀರಿ. ಆಗ ಬಿಳಿ ಹಕ್ಕಿಯೂ ಕಪ್ಪು, ಕಂದು ಹಕ್ಕಿಯೂ ಕಪ್ಪು.

ಹಿಂದಿನ ದಿನವೇ ಫೋನಿನ ಮ್ಯಾಪ್‌ನಲ್ಲಿ ಕೆರೆಯ ಉಪಗ್ರಹ ಚಿತ್ರ ತೆಗೆದು ಪೂರ್ವ ದಡಕ್ಕೆ ದಾರಿ ಇದೆಯಾ ನೋಡಿಕೊಳ್ಳಿ. ಏರಿ ಎಲ್ಲಿದೆ, ಅದರ ಎದುರಿನ ತೆಳು ನೀರು ಎಲ್ಲಿದೆ ಅನ್ನುವುದೂ ಅದರಲ್ಲೇ ಕಾಣುತ್ತದೆ. ಏರಿ ಮತ್ತು ತೂಬಿನ ಕಡೆ ನೀರು ಆಳ, ಹಕ್ಕಿ ಕಡಿಮೆ. ಹಳ್ಳ ಬಂದು ಸೇರುವ ಕಡೆ, ಅಂದರೆ ಕೆರೆಯ ಬಾಲದಲ್ಲಿ ನೀರು ತೆಳು, ಹಕ್ಕಿ ಅಲ್ಲೇ ಜಾಸ್ತಿ. ಎಲ್ಲರೂ ಏರಿ ಮೇಲೆ ನಿಲ್ಲುತ್ತಾರೆ, ನಡೆಯಲು ಅನುಕೂಲ ಅಂತ. ನೀವು ಬಾಲದ ಕಡೆ ಹೋಗಿ.

ಹೊತ್ತಿನ ಲೆಕ್ಕ: ನವೆಂಬರ್ ಮಧ್ಯದಲ್ಲಿ ಬೆಂಗಳೂರಿನ ಕಡೆ ಸೂರ್ಯ ಹುಟ್ಟುವುದು ಸುಮಾರು 6:20ಕ್ಕೆ. ಅದಕ್ಕಿಂತ ಕಾಲು ಗಂಟೆ ಮುಂಚೆ ಜಾಗದಲ್ಲಿ ಕೂತಿರಬೇಕು. ಮಂಜು ಕವಿದಿದ್ದರೆ ಗಾಬರಿ ಬೇಡ, ವಾಪಸ್ ಹೋಗಬೇಡಿ, ಬಿಸಿಲು ಬರುತ್ತಿದ್ದಂತೆ ಎದ್ದುಹೋಗುತ್ತದೆ. ಬಿಸಿಲು ಏರಿ ಒಂಬತ್ತೂವರೆ ದಾಟಿದರೆ ನೀರಿನ ಮೇಲಿನ ಗಾಳಿ ಅಲುಗಾಡಲು ಶುರುವಾಗುತ್ತದೆ, ದೂರದ ಹಕ್ಕಿಯ ಅಂಚು ಕದಡಿದ ಹಾಗೆ ಕಾಣುತ್ತದೆ. ಅದು ಬೈನಾಕ್ಯುಲರ್ ದೋಷವಲ್ಲ. ಆ ಹೊತ್ತಿಗೆ ದೂರದ ಗುಂಪು ಬಿಟ್ಟು ಹತ್ತಿರದ ದಡ ನೋಡಿ, ಇಲ್ಲ ಮನೆಗೆ ಹೊರಡಿ.

## ಹಂತ 5: ಕೂತುಕೊಳ್ಳಿ

ಇಷ್ಟು ಸುಲಭದ ಹಂತವನ್ನೇ ಜನ ಮಾಡುವುದಿಲ್ಲ. ನಡೆಯುತ್ತಿರುವ ಮನುಷ್ಯನನ್ನು ಕಂಡರೆ ಬಾತುಗಳು ಕೆರೆಯ ನಡುವಿಗೆ ಸರಿಯುತ್ತವೆ. ಕೂತು ಅಲುಗಾಡದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೇಯುತ್ತಾ ದಡಕ್ಕೆ ಬರುತ್ತವೆ. ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣದಂತೆ ಒಂದು ಜಾಲಿ ಗಿಡ ಅಥವಾ ಬಂಡೆ ಬೆನ್ನಿಗಿರಲಿ. ಒಂದು ಜಾಗಕ್ಕೆ ಅರ್ಧ ಗಂಟೆಗಿಂತ ಕಡಿಮೆ ಕೊಡಬೇಡಿ.

ಮೊದಲ ಹತ್ತು ನಿಮಿಷ ಬೈನಾಕ್ಯುಲರ್ ಎತ್ತಬೇಡಿ. ಬರಿಗಣ್ಣಲ್ಲಿ ಕೆರೆ ಪೂರ್ತಿ ನೋಡಿ. ಈಜುತ್ತಿರುವವು ಎಲ್ಲಿ, ದಡದಲ್ಲಿ ನಡೆಯುತ್ತಿರುವವು ಎಲ್ಲಿ, ಕೊಂಬೆ ಮೇಲೆ ಏನಿದೆ, ಮೇಲೆ ಏನು ಹಾರುತ್ತಿದೆ. ಆಮೇಲೆ ಬೈನಾಕ್ಯುಲರ್ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ, ಪ್ರತಿ ಸಲ ಅರ್ಧ ನೋಟದಷ್ಟು ಮಾತ್ರ. ಕೊನೆ ಮುಟ್ಟಿದ ಮೇಲೆ ಬಲದಿಂದ ಎಡಕ್ಕೆ ಇನ್ನೊಮ್ಮೆ. ಮೊದಲ ಸಲ ಬರೀ ಕಲ್ಲು, ಮಣ್ಣಿನ ಹೆಂಟೆ ಅಂದುಕೊಂಡದ್ದರಲ್ಲಿ ಎರಡನೇ ಸಲ ಒಂದೆರಡಾದರೂ ತಲೆ ಎತ್ತಿರುತ್ತವೆ. ಗೊರವಗಳು ಸಿಗುವುದೇ ಹೀಗೆ.

ಹಕ್ಕಿಗೆ ತೊಂದರೆಯಾಗುತ್ತಿದೆ ಅನ್ನುವುದನ್ನು ಹಾರುವ ಮುಂಚೆಯೇ ಓದಬಹುದು. ಮೊದಲು ಮೇಯುವುದು ನಿಲ್ಲುತ್ತದೆ. ಆಮೇಲೆ ಕತ್ತುಗಳು ನೇರವಾಗುತ್ತವೆ, ಎಲ್ಲವೂ ಒಟ್ಟಿಗೆ. ಚದುರಿದ ಗುಂಪು ಒತ್ತೊತ್ತಾಗುತ್ತದೆ, ಬಾಲ ನಿಮ್ಮ ಕಡೆ ತಿರುಗುತ್ತದೆ. ಇಷ್ಟಾದರೆ ಇದ್ದಲ್ಲೇ ನಿಲ್ಲಿ, ಒಂದು ಹೆಜ್ಜೆ ಹಿಂದೆ ಸರಿಯಿರಿ. ಅವು ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೈಯಲ್ಲಿ ಮತ್ತೆ ಕೊಬ್ಬು ತುಂಬಿಕೊಳ್ಳುವ ಸಮಯ ಇದು. ಪ್ರತಿ ಸಲ ಎಬ್ಬಿಸಿದರೂ ಆ ಕೊಬ್ಬು ಕರಗುತ್ತದೆ. ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು, ಕಲ್ಲೆಸೆದು ಹಾರಿಸಿ ಫೋಟೋ ತೆಗೆಯುವುದು, ಡ್ರೋನ್ ಬಿಡುವುದು, ಇವನ್ನು ಮಾಡುವವರ ಜೊತೆ ಹೋಗಬೇಡಿ. ಜೊತೆಗಿದ್ದರೆ ನಿಲ್ಲಿಸಿ.

ಒಮ್ಮೆಲೇ ಇಡೀ ಕೆರೆ ಎದ್ದರೆ ಕಾರಣ ನೀವಾಗಿರಲಿಕ್ಕಿಲ್ಲ, ಮೇಲೆ ನೋಡಿ. ಜೊಂಡಿನ ಮೇಲೆ ತಗ್ಗಾಗಿ, ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದು ತೇಲುವ ಸೆಳೆವ ಅನ್ನುವ ಬೇಟೆ ಹಕ್ಕಿ ಬಂದಿರಬಹುದು. ಅದೂ ಚಳಿಗಾಲದ ಅತಿಥಿಯೇ.

## ಹಂತ 6: ಬಾತುಗಳ ಗುರುತು, ಬಣ್ಣ ಬಿಟ್ಟು

ಎರಡನೇ ದೂರಿಗೆ ಬರೋಣ. ಪುಸ್ತಕದಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಗಂಡು ಬಾತು, ಅದೂ ಜೋಡಿ ಕಟ್ಟುವ ಕಾಲದ ಬಣ್ಣದಲ್ಲಿ. ಆದರೆ ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡುಗಳು ಆ ಗರಿ ಉದುರಿಸಿ ಹೆಣ್ಣಿನ ಹಾಗೆ ಕಂದಾಗುತ್ತವೆ. ನಮ್ಮ ಕೆರೆಗೆ ಇಳಿಯುವಾಗ ಅವು ಇದೇ ಉಡುಪಿನಲ್ಲಿ ಇರುತ್ತವೆ. ಹಲವು ಬಾತುಗಳಿಗೆ ಹೊಸ ಬಣ್ಣ ಪೂರ್ತಿ ಬರುವುದು ಡಿಸೆಂಬರ್, ಜನವರಿ ಹೊತ್ತಿಗೆ. ಗಾರ್ಗನಿ ಗಂಡು ಇನ್ನೂ ತಡ. ನವೆಂಬರ್‌ನಲ್ಲಿ ಬಣ್ಣ ಹುಡುಕಿಕೊಂಡು ಹೋದವರಿಗೆ ಎಲ್ಲವೂ ಒಂದೇ ಥರ ಕಾಣುವುದು ಇದಕ್ಕೇ. ಅದಕ್ಕೇ ಪುಸ್ತಕ ಚೀಲದಲ್ಲೇ ಇರಲಿ ಅಂದದ್ದು.

ಬಣ್ಣದ ಬದಲು ಈ ಕ್ರಮದಲ್ಲಿ ನೋಡಿ: ಗಾತ್ರ, ಕೊಕ್ಕು, ಕತ್ತು, ಮುಖದ ಗೆರೆ, ಮೇಯುವ ರೀತಿ, ಕೊನೆಗೆ ಹಾರುವಾಗ ರೆಕ್ಕೆ. ಗಾತ್ರ ಅಳೆಯಲು ಪಕ್ಕದಲ್ಲಿ ಒಂದು ಚುಕ್ಕೆ ಕೊಕ್ಕಿನ ಬಾತು ಅಥವಾ ನಾಮದ ಕೋಳಿ ಸಿಕ್ಕೇ ಸಿಗುತ್ತದೆ. ಹಂತ 1 ಕೆಲಸಕ್ಕೆ ಬರುವುದು ಇಲ್ಲಿ.

ಶೊವೆಲರ್ ಎಲ್ಲಕ್ಕಿಂತ ಸುಲಭ. ತಲೆಗಿಂತ ಉದ್ದದ ಕೊಕ್ಕು, ತುದಿಗೆ ಹೋಗುತ್ತಾ ಮಣ್ಣೆತ್ತುವ ಸಲಿಕೆಯ ಹಾಗೆ ಅಗಲ. ಅದರ ಭಾರಕ್ಕೆ ತಲೆ ತಗ್ಗಿದಂತೆ, ಮುಂಭಾಗ ನೀರಿಗೆ ಒತ್ತಿಕೊಂಡಂತೆ ಈಜುತ್ತದೆ. ಕೊಕ್ಕನ್ನು ನೀರಿನ ಮೇಲ್ಮೈಯಲ್ಲಿಟ್ಟು ಅತ್ತಿತ್ತ ಆಡಿಸುತ್ತಾ ಹೋಗುವುದನ್ನು, ಗುಂಪಾಗಿ ಒಂದರ ಹಿಂದೆ ಒಂದು ಸುತ್ತು ಹಾಕುವುದನ್ನು ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಸೂಜಿಬಾಲದ ಬಾತಿಗೆ, ಅಂದರೆ ಪಿನ್‌ಟೇಲ್‌ಗೆ, ತೆಳ್ಳಗಿನ ಉದ್ದ ಕತ್ತು ಮುಖ್ಯ ಗುರುತು. ನವೆಂಬರ್‌ನಲ್ಲಿ ಹಲವು ಗಂಡುಗಳಿಗೆ ಬಾಲದ ಸೂಜಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಅದನ್ನು ಹುಡುಕಬೇಡಿ. ಮುಖ ಸಾದಾ, ಗೆರೆ ಇಲ್ಲ. ಕೊಕ್ಕು ಬೂದು. ಹಿಂಭಾಗ ಮೇಲೆತ್ತಿ ತಲೆಕೆಳಗಾಗಿ ಮೇಯುವಾಗ ಕತ್ತು ಉದ್ದ ಇರುವುದರಿಂದ ಬೇರೆ ಬಾತುಗಳಿಗೆ ಎಟುಕದ ಆಳಕ್ಕೂ ಬಾಯಿ ಹಾಕುತ್ತದೆ.

ಗಾರ್ಗನಿ ಚಿಕ್ಕದು, ಚುಕ್ಕೆ ಕೊಕ್ಕಿನ ಬಾತಿನ ಪಕ್ಕ ನಿಂತರೆ ಮರಿಯ ಹಾಗೆ ಕಾಣುತ್ತದೆ. ಮುಖ ನೋಡಿ. ಕಣ್ಣಿನ ಮೇಲೆ ತಿಳಿ ಹುಬ್ಬು, ಕಣ್ಣಿನ ಮೂಲಕ ಕಪ್ಪು ಗೆರೆ, ಅದರ ಕೆಳಗೆ ಮತ್ತೆ ತಿಳಿ ಗೆರೆ, ಕೊಕ್ಕಿನ ಬುಡದಲ್ಲಿ ಒಂದು ತಿಳಿ ಚುಕ್ಕೆ. ಪಟ್ಟೆ ಪಟ್ಟೆ ಮುಖ ಅಂದರೆ ಗಾರ್ಗನಿ. ಅದೇ ಗಾತ್ರದ ಕಾಮನ್ ಟೀಲ್‌ಗೆ ಮುಖದಲ್ಲಿ ಇಷ್ಟು ಗೆರೆ ಇರುವುದಿಲ್ಲ, ಬಾಲದ ಪಕ್ಕದಲ್ಲಿ ಮಾತ್ರ ಒಂದು ತಿಳಿ ಗೀರು. ಸಂಶಯ ಬಂದರೆ ಹಾರುವ ತನಕ ಕಾಯಿರಿ: ಗಂಡು ಗಾರ್ಗನಿಯ ರೆಕ್ಕೆಯ ಮುಂಭಾಗ ತಿಳಿ ನೀಲಿ ಬೂದು, ಕಂದು ಉಡುಪಿನಲ್ಲಿದ್ದಾಗಲೂ ಅದು ಹಾಗೇ ಇರುತ್ತದೆ.

ವಿಜನ್‌ಗೆ ಗುಂಡು ತಲೆ, ಪುಟ್ಟ ಬೂದು ಕೊಕ್ಕು. ದಡದ ಹುಲ್ಲು ಮೇಯುತ್ತಿದ್ದರೆ ಮೊದಲು ಅದನ್ನೇ ನೆನೆಯಿರಿ.

ಗುಂಪಿನಲ್ಲಿ ಒಂದು ಹಕ್ಕಿಯ ಹೆಸರು ಗೊತ್ತಾಯಿತು ಅಂತ ಇಡೀ ಗುಂಪಿಗೆ ಅದೇ ಹೆಸರು ಬರೆಯಬೇಡಿ. ಚಳಿಗಾಲದ ಬಾತುಗಳು ಬೆರೆತೇ ಇರುತ್ತವೆ.

## ಹಂತ 7: ದಡದ ಗೊರವಗಳು

ಇವೂ ಈಗ ಬೂದು ಕಂದು. ಆದರೆ ನಡೆಯೇ ಗುರುತು. ಓಡಿ, ಥಟ್ಟನೆ ನಿಂತು, ಬಗ್ಗಿ ಕುಕ್ಕಿ, ಮತ್ತೆ ಓಡಿದರೆ ಅದು ಪ್ಲೋವರ್ ಜಾತಿ. ಬಗ್ಗಿಕೊಂಡೇ ಕೆಸರು ಕುಕ್ಕುತ್ತಾ ನಡೆದರೆ ಸ್ಯಾಂಡ್‌ಪೈಪರ್.

ಬಯಲುಸೀಮೆಯ ಕೆರೆಯಲ್ಲಿ ಮೂರು ಸ್ಯಾಂಡ್‌ಪೈಪರ್ ಬೇರೆ ಮಾಡಲು ಬಂದರೆ ಅರ್ಧ ಗೆದ್ದಂತೆ. ಕಾಮನ್: ಹಿಂಭಾಗವನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಕುಣಿಸುತ್ತದೆ, ಎದೆಯ ಬಿಳಿ ರೆಕ್ಕೆಯ ಮುಂದೆ ಭುಜದ ಕಡೆಗೆ ಚೂಪಾಗಿ ಏರಿರುತ್ತದೆ, ಹಾರುವಾಗ ರೆಕ್ಕೆ ಬಿಗಿಹಿಡಿದು ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹೋಗುತ್ತದೆ. ವುಡ್: ಬೆನ್ನಿನ ಮೇಲೆ ತಿಳಿ ಚುಕ್ಕೆಗಳು, ಕಣ್ಣಿನ ಹಿಂದೆಯೂ ಚಾಚಿದ ಉದ್ದ ಹುಬ್ಬು, ಹಳದಿಯ ಕಾಲು. ಗ್ರೀನ್: ಬೆನ್ನು ಗಾಢ, ಹುಬ್ಬು ಕಣ್ಣಿನ ಮುಂದೆ ಮಾತ್ರ, ಹೆಚ್ಚಾಗಿ ಒಂಟಿ, ಸಣ್ಣ ಹೊಂಡ ಇಷ್ಟ. ವುಡ್ ಮತ್ತು ಗ್ರೀನ್ ಎರಡೂ ಹಾರಿದಾಗ ಸೊಂಟ ಬಿಳಿ, ಹಾಗಾಗಿ ರೆಕ್ಕೆಯ ಅಡಿ ನೋಡಿ. ವುಡ್‌ಗೆ ತಿಳಿ, ಗ್ರೀನ್‌ಗೆ ಕಪ್ಪು.

ಗುಬ್ಬಿಯಷ್ಟೇ ಗಾತ್ರದ ಗೊರವ ಗುಂಪಾಗಿ ಓಡಾಡುತ್ತಿದ್ದರೆ ಸ್ಟಿಂಟ್. ಕಾಲು ಕಪ್ಪಾದರೆ ಲಿಟಲ್ ಸ್ಟಿಂಟ್, ಹಳದಿಯಾದರೆ ಟೆಮಿಂಕ್ಸ್. ಆದರೆ ಕೆಸರು ಮೆತ್ತಿದ ಕಾಲು ಎಲ್ಲವಕ್ಕೂ ಕಪ್ಪೇ. ನೀರಿಗಿಳಿದು ಮೇಲೆ ಬರುವ ತನಕ ಕಾಯಿರಿ.

## ಹಂತ 8: ಮೊದಲು ಬರೆಯಿರಿ, ಆಮೇಲೆ ಹೆಸರು

ಗೊತ್ತಿಲ್ಲದ ಹಕ್ಕಿ ಕಂಡ ಕೂಡಲೇ ಪುಸ್ತಕ ತೆಗೆದರೆ ಹಕ್ಕಿ ಹೋಗಿರುತ್ತದೆ, ಅದಕ್ಕಿಂತ ಕೆಟ್ಟದ್ದು ಅಂದರೆ ನೋಡಿದ ಚಿತ್ರ ನಿಮ್ಮ ನೆನಪಿನೊಳಗೆ ಸೇರಿಕೊಂಡು ಕಾಣದ್ದನ್ನೂ ಕಂಡೆ ಅನಿಸುತ್ತದೆ. ಹಕ್ಕಿ ಎದುರಿಗಿರುವಾಗಲೇ ಬರೆಯಿರಿ: ಗುಬ್ಬಿಯಷ್ಟಾ, ಗೊರವಂಕದಷ್ಟಾ, ಕಾಗೆಯಷ್ಟಾ. ಕೊಕ್ಕು ನೇರವೋ, ಬಾಗಿದೆಯೋ, ತಲೆಗಿಂತ ಉದ್ದವೋ. ಕಾಲಿನ ಬಣ್ಣ. ಏನು ಮಾಡುತ್ತಿತ್ತು. ನೀರು ಕಾಲಿನ ಎಲ್ಲಿಯವರೆಗೆ ಬಂದಿತ್ತು. ಒಂದು ಮೊಟ್ಟೆ ಆಕಾರ ಬರೆದು ಗೆರೆ ಎಲ್ಲಿದೆ ಅಂತ ಗುರುತು ಹಾಕಿ, ಚಿತ್ರಕಲೆ ಬರಬೇಕಿಲ್ಲ.

ಎಣಿಸುವಾಗ ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ತುಂಬುತ್ತವೆ ಅನ್ನುವುದನ್ನು ಕಣ್ಣಲ್ಲಿ ಹಿಡಿದು, ಅದೇ ಅಳತೆಯಲ್ಲಿ ಗುಂಪಿನ ಉದ್ದಕ್ಕೂ ಹೋಗಿ. ಗುಂಪು ದೊಡ್ಡದಾದರೆ ನೂರರ ಅಳತೆ. ಸುಮ್ನೆ "ಸಾವಿರಾರು" ಅಂತ ಬರೆದರೆ ಮುಂದಿನ ವರ್ಷ ಹೋಲಿಸಲು ಏನೂ ಉಳಿಯುವುದಿಲ್ಲ.

ಮನೆಗೆ ಬಂದು, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್‌ಗೆ ಹಾಕಿ. ಶುರು ಮಾಡಿದ ಹೊತ್ತು, ಎಷ್ಟು ನಿಮಿಷ, ಎಷ್ಟು ದೂರ ನಡೆದಿರಿ ಅನ್ನುವುದು ಹಕ್ಕಿ ಹೆಸರಿನಷ್ಟೇ ಮುಖ್ಯ. ಕಾಗೆ, ಮೈನಾ ಬಿಟ್ಟು ಬರೀ ಅಪರೂಪದವನ್ನು ಹಾಕುವುದು ದೊಡ್ಡ ತಪ್ಪು, ಕಂಡದ್ದೆಲ್ಲ ಹಾಕಿ. ಹೆಸರು ಗೊತ್ತಾಗದಿದ್ದರೆ "ಬಾತು, ಗೊತ್ತಿಲ್ಲ" ಅಂತ ಬರೆಯುವುದರಲ್ಲಿ ನಾಚಿಕೆ ಏನಿಲ್ಲ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ ನಿಜ, ಆದರೆ ಅದು ಸೂಚನೆ ಮಾತ್ರ. ಕಣ್ಣಿಗೆ ಬೀಳುವ ತನಕ ಪಟ್ಟಿಗೆ ಸೇರಿಸಬೇಡಿ.

## ಎರಡು ಜಾಗಕ್ಕೆ ಬೇರೆ ಲೆಕ್ಕ

ಮಾಗಡಿ ಕೆರೆ. ಇದು ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನದು. 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದೆ. ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳಿಗಾಗಿ ಹೋಗುವವರು ನಡು ಬೆಳಗಿನಲ್ಲಿ ಬಂದು ಮಲಗಿದ ಹಕ್ಕಿ ನೋಡಿ ವಾಪಸಾಗುತ್ತಾರೆ. ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಹೋಗುತ್ತವೆ, ಹಗಲಲ್ಲಿ ಕೆರೆಯಲ್ಲಿ ವಿಶ್ರಾಂತಿ. ಬೆಳಿಗ್ಗೆ ಬೇಗ ಅವು ಗುಂಪು ಗುಂಪಾಗಿ ಬಂದಿಳಿಯುವಾಗ, ಇಲ್ಲ ಸಂಜೆ ಹೊರಡುವಾಗ ಅಲ್ಲಿರಬೇಕು. ಅವುಗಳ ಹಿಂದೆ ಹೊಲಕ್ಕೆ ನುಗ್ಗಬೇಡಿ, ಅದು ಯಾರದೋ ವರ್ಷದ ಬೆಳೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇಲ್ಲದ ಹೆಬ್ಬಾತು ಕಂಡರೆ ಕೂಡಲೇ ಬೇರೆ ಜಾತಿ ಅಂದುಕೊಳ್ಳಬೇಡಿ, ಈ ವರ್ಷದ ಮರಿ ಆಗಿರಬಹುದು. ಮರಿ ಚಳಿಗಾಲದಲ್ಲೂ ತಂದೆ ತಾಯಿ ಜೊತೆಯಲ್ಲೇ ಇರುತ್ತದೆ. ಒಂದು ಜೋಡಿಗೆ ಎಷ್ಟು ಮರಿ ಅಂತ ಎಣಿಸಿ ಬರೆದಿಡಿ.

ಅಘನಾಶಿನಿ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ. ಕುಮಟಾ ಕಡೆಯವರಿಗೆ ಬೆಳಿಗ್ಗೆ, ಸಂಜೆ ಅನ್ನುವ ಲೆಕ್ಕಕ್ಕಿಂತ ಭರತ, ಇಳಿತದ ಲೆಕ್ಕ ಮುಖ್ಯ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರು ಬಯಲಿನ ತುದಿಗೆ ಹರಡಿಕೊಂಡಿರುತ್ತವೆ, ಬೈನಾಕ್ಯುಲರ್‌ಗೂ ದೂರ. ಪೂರ್ತಿ ಭರತದಲ್ಲಿ ಕೆಸರೇ ಇಲ್ಲ. ನೀರು ಏರುತ್ತಿರುವಾಗ, ಭರತಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ ಕೂತರೆ ನೀರೇ ಹಕ್ಕಿಗಳನ್ನು ನಿಮ್ಮ ಕಡೆ ತಳ್ಳುತ್ತದೆ. ಕೆಸರಿಗೆ ಇಳಿಯಬೇಡಿ. ಹೊತ್ತು ತಿಳಿಯಲು ಸ್ಥಳೀಯ ಮೀನುಗಾರರನ್ನು ಕೇಳಿ.

## ನಿಮ್ಮ ಜೋಪಾನ

ನೀರಿಳಿದ ಕೆರೆ ಅಂಗಳ ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹೂಳು ಮೆತ್ತಗಿರುತ್ತದೆ. ದನದ ಹೆಜ್ಜೆ ಇಲ್ಲದ ಕಡೆ ಕಾಲಿಡಬೇಡಿ, ಒಂದು ಕೋಲು ಊರಿ ನೋಡಿ. ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ. ಕೂರುವ ಮುಂಚೆ ಜಾಗ ನೋಡಿ, ಮುಚ್ಚಿದ ಶೂ ಹಾಕಿ. ಕಾವೇರಿ, ಕಾಳಿ ಥರದ ನದಿ ದಡದಲ್ಲಿ ಮೊಸಳೆ ಉಂಟು, ನೀರಿನ ಅಂಚಿಗೆ ಕೂರಲೇಬೇಡಿ.

ಕೆರೆಯಲ್ಲಿ ಒಂದಕ್ಕಿಂತ ಹೆಚ್ಚು ಹಕ್ಕಿ ಸತ್ತು ಬಿದ್ದಿದ್ದರೆ, ಕತ್ತು ಎತ್ತಲಾರದೆ ತೂಗಾಡುತ್ತಿದ್ದರೆ, ಮುಟ್ಟಬೇಡಿ. ನಾಯಿಗಳನ್ನು ಹತ್ತಿರ ಬಿಡಬೇಡಿ. ದೂರದಿಂದ ಫೋಟೋ ತೆಗೆದು ಅರಣ್ಯ ಇಲಾಖೆಗೆ ಮತ್ತು ಪಶು ಆಸ್ಪತ್ರೆಗೆ ಅದೇ ದಿನ ತಿಳಿಸಿ. ಬಲೆ, ಉರುಲು ಕಂಡರೂ ಅರಣ್ಯ ಇಲಾಖೆಗೇ ಹೇಳಬೇಕು. ಕಾಡು ಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬೇಟೆಯವರ ಜೊತೆ ನೀವೇ ಜಗಳಕ್ಕೆ ನಿಲ್ಲಬೇಡಿ.

## ಕತ್ತಿನಲ್ಲಿ ಪಟ್ಟಿ, ಕಾಲಿನಲ್ಲಿ ಬಳೆ ಕಂಡರೆ

ಮಂಗೋಲಿಯಾದ ಕಡೆ ಕತ್ತಿಗೆ ಬಣ್ಣದ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಕಂಡಿವೆ. ಅಂಥದ್ದು ಕಂಡರೆ ಹತ್ತಿರ ಹೋಗದೆ ಮೊದಲು ಪಟ್ಟಿಯ ಬಣ್ಣ ಬರೆಯಿರಿ, ಆಮೇಲೆ ಅದರ ಮೇಲಿನ ಅಕ್ಷರ, ಅಂಕಿ. ಅಕ್ಷರದ ಬಣ್ಣ ಬೇರೆ ಬರೆಯಿರಿ. ಓದಲು ಆಗದಿದ್ದರೆ ಹಕ್ಕಿ ತಿರುಗುವ ತನಕ ಕಾಯಿರಿ, ಒಂದೇ ಸಂಕೇತವನ್ನು ಎರಡು ಸಲ ಬೇರೆ ಬೇರೆಯಾಗಿ ಓದಿ ತಾಳೆ ನೋಡಿ. 3 ಮತ್ತು 8, 0 ಮತ್ತು ಡಿ ಅದಲು ಬದಲಾಗುವುದು ಜಾಸ್ತಿ. ಕಾಲಿನ ಬಳೆಯಾದರೆ ಎಡಗಾಲೋ ಬಲಗಾಲೋ, ಮೊಣಕಾಲಿನ ಮೇಲೋ ಕೆಳಗೋ ಅನ್ನುವುದೂ ಬೇಕು. ಹಕ್ಕಿಯ ಎಡಗಾಲು, ನಿಮಗೆ ಕಾಣುವ ಎಡ ಅಲ್ಲ. ಕೆರೆಯ ಹೆಸರು, ತಾಲೂಕು, ದಿನಾಂಕ, ಹೊತ್ತು, ಜೊತೆಗೆ ಎಷ್ಟು ಹಕ್ಕಿ ಇದ್ದವು ಅನ್ನುವುದನ್ನೆಲ್ಲ ಸೇರಿಸಿ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ನಮ್ಮ ದೇಶದಲ್ಲಿ ಹಕ್ಕಿಗಳಿಗೆ ಬಳೆ ಹಾಕುವ ಕೆಲಸವನ್ನು ದಶಕಗಳಿಂದ ನಡೆಸುತ್ತಾ ಬಂದಿರುವುದು ಅವರು. ಫೋಟೋ ಮಸುಕಾಗಿದ್ದರೂ ಜೊತೆಗೆ ಇಡಿ.